ಜೈವಿಕ ತಂತ್ರಜ್ಞಾನವೆಂದರೆ ಕುಲಾಂತರಿ ಬೆಳೆಯಷ್ಟೇ ಅಲ್ಲ

ಮಾನ್ಯ ಸಂಪಾದಕರೇ,

ಜೈವಿಕ ತಂತ್ರಜ್ಞಾನ ಎಂದೊಡನೆ ಕುಲಾಂತರಿ (ಅಂದರೆ ವಂಶವಾಹಿಯನ್ನು ಮಾರ್ಪಡಿಸಿದ) ಬೆಳೆಗಳ ವಿವಾದವೊಂದನ್ನೇ ಮುಂದಿಡುವ ರೂಢಿಯನ್ನು ಪತ್ರಿಕೆಯಲ್ಲಿ ಈಚೆಗೆ ಪ್ರಕಟವಾದ ವರದಿಯೂ ಮುಂದುವರಿಸಿರುವುದು ಸರಿಯೆನಿಸಲಿಲ್ಲ. ಜೀವಿಗಳನ್ನು, ಅವುಗಳ ಜೀವಕೋಶ ಅಥವಾ ಕಿಣ್ವಗಳನ್ನು ಮನುಷ್ಯನ ಉಪಯೋಗಕ್ಕೆ ಬಳಸಿಕೊಳ್ಳುವ ವಿಧಾನಗಳೆಲ್ಲವೂ ಈ ಶಾಖೆಗೆ ಸೇರುತ್ತವೆ; ವಂಶವಾಹಿಯ ಮಾರ್ಪಾಡು ಅದರ ಒಂದು ಭಾಗ ಮಾತ್ರ.

ಮಧುಮೇಹಿಗಳಿಗೆ ಬೇಕಾದ ಇನ್ಸುಲಿನ್ನನ್ನು ಹಿಂದೆ ಹಂದಿ, ದನಗಳ ಮೇದೋಜೀರಕ ಗ್ರಂಥಿಯಿಂದ ತೆಗೆಯುತ್ತಿದ್ದರು. ಮಾನವ ಇನ್ಸುಲಿನ್ನಿನ ಸಂಕೇತವುಳ್ಳ ಡಿಎನ್‌ಎ ತುಣುಕನ್ನು ಪ್ಲಾಸ್ಮಿಡ್ ಎಂಬ ಉಂಗುರಾಕಾರದ ಡಿಎನ್‌ಎಗೆ ಜೋಡಿಸಿ, ಅದನ್ನು ಇ. ಕೋಲಿ ಬ್ಯಾಕ್ಟೀರಿಯಾದೊಳಗೆ ಸೇರಿಸಿ, ಆ ಸೂಕ್ಷ್ಮಜೀವಿಯಿಂದಲೇ ಇನ್ಸುಲಿನ್ ಉತ್ಪಾದಿಸಬಹುದೆಂದು 1978ರಲ್ಲಿ ತೋರಿಸಲಾಯಿತು. 1982ರಲ್ಲಿ ಅಮೆರಿಕವು ಈ ಔಷಧಕ್ಕೆ ಅನುಮೋದನೆ ನೀಡಿತು. ಕುಲಾಂತರಿ ಎಂಬ ಪದಕ್ಕೇ ಬೆಚ್ಚುವವರಲ್ಲಿ ಕೆಲವರು ನಿತ್ಯ ಚುಚ್ಚಿಕೊಳ್ಳುವ ಔಷಧವೂ ಇದೇ ಆಗಿರಬಹುದು! ಹೆಪಟೈಟಿಸ್ ಬಿ ಲಸಿಕೆಯನ್ನು ಯೀಸ್ಟ್‌ನಿಂದ ತಯಾರಿಸುವುದರ ಹಿಂದೆಯೂ ಇದೇ ತತ್ತ್ವವಿದೆ.

ಹಾಗೆಂದು ಬೆಳೆಗಳ ಬಗೆಗಿನ ಆತಂಕ ಆಧಾರರಹಿತವೆಂದು ನನ್ನ ವಾದವಲ್ಲ. ಮುಚ್ಚಿದ ತೊಟ್ಟಿಯಲ್ಲಿ ಬೆಳೆಸುವ ಬ್ಯಾಕ್ಟೀರಿಯಾಕ್ಕೂ, ಪರಾಗವು ಗಾಳಿಯಲ್ಲಿ ಹರಡಬಲ್ಲ ಬಯಲಿನ ಬೆಳೆಗೂ ಒಂದೇ ಅಳತೆಗೋಲು ಸಲ್ಲದು. ಆದರೆ ಈ ವ್ಯತ್ಯಾಸವೇ ಓದುಗರಿಗೆ ತಿಳಿಯದಿದ್ದರೆ ಚರ್ಚೆ ಘೋಷಣೆಗಳಲ್ಲಿ ಮುಗಿಯುತ್ತದೆ.

ಆದ್ದರಿಂದ ಇಂತಹ ವರದಿಗಳ ಜೊತೆಯಲ್ಲಿ ಯಾವ ಜೀವಿಯ ಯಾವ ವಂಶವಾಹಿಯನ್ನು ಯಾವ ಉದ್ದೇಶಕ್ಕಾಗಿ ಬದಲಿಸಲಾಗಿದೆ, ಅದನ್ನು ಬಳಸುವುದು ಪ್ರಯೋಗಾಲಯದಲ್ಲೋ ಹೊಲದಲ್ಲೋ ಎಂಬುದನ್ನು ವಿವರಿಸುವ ಚಿಕ್ಕ ಟಿಪ್ಪಣಿಯೊಂದನ್ನು ವಿಷಯತಜ್ಞರಿಂದ ಬರೆಸಿ ಪ್ರಕಟಿಸಬೇಕೆಂದು ಕೋರುತ್ತೇನೆ.

– ಓರ್ವ ಓದುಗ