ವಿಷಯ: ಲೇಖನ ತಿದ್ದಿದರೂ ಪಟ್ಟಿಗಳಲ್ಲಿ ಹಳೆಯದೇ ಕಾಣುತ್ತಿರುವ ಬಗ್ಗೆ ದೂರು

ಗ್ರಾಹಕ ಸೇವಾ ವಿಭಾಗದವರಿಗೆ,

ನಮಸ್ಕಾರ. ನಿಮ್ಮ ಹೋಸ್ಟಿಂಗ್‌ನಲ್ಲಿರುವ ನಮ್ಮ ವರ್ಡ್‌ಪ್ರೆಸ್ ಸೈಟಿಗೆ ನೀವೇ ಹಾಕಿಕೊಟ್ಟ ಕ್ವೆರಿ ಕ್ಯಾಶ್ (ಡೇಟಾಬೇಸ್‌ಗೆ ಕೇಳುವ ಪ್ರಶ್ನೆಗಳ, ಅಂದರೆ ಕ್ವೆರಿಗಳ, ಉತ್ತರಗಳನ್ನು ಮತ್ತೆ ಬಳಸಲು ಎತ್ತಿಟ್ಟುಕೊಳ್ಳುವ ವ್ಯವಸ್ಥೆ) ಬಗ್ಗೆ ಈ ದೂರು.

ಲೇಖನ ತಿದ್ದಿ ಅಪ್‌ಡೇಟ್ ಒತ್ತಿದರೆ ಅದರ ಪುಟವೇನೋ ಬದಲಾಗುತ್ತದೆ. ಆದರೆ ಮುಖಪುಟ, ವಿಭಾಗದ ಪಟ್ಟಿ, ಹುಡುಕಾಟ ಎಲ್ಲದರಲ್ಲೂ ಹಳೆಯ ಶೀರ್ಷಿಕೆಯೇ. ಅಳಿಸಿದ ಲೇಖನವೂ ಪಟ್ಟಿಯಲ್ಲಿ ಹಾಗೇ ಕೂತಿರುತ್ತದೆ, ಒತ್ತಿದರೆ 'ಪುಟ ಸಿಗಲಿಲ್ಲ' ಎಂಬ 404 ದೋಷ. ಓದುಗರು ಬೈಯುವುದು ನಮ್ಮನ್ನು, ನಿಮ್ಮನ್ನಲ್ಲ.

ನಿಮ್ಮವರು ಮೊದಲು ಹೇಳಿದ್ದು, "ಬ್ರೌಸರ್ ಕ್ಯಾಶ್ ಕ್ಲಿಯರ್ ಮಾಡಿ" ಎಂದು. ಸೈಟನ್ನು ಹಿಂದೆಂದೂ ತೆರೆಯದ ಫೋನಿನಲ್ಲೂ ಹಳೆಯದೇ ಬರುತ್ತಿದೆ. ಅಂದಮೇಲೆ ತೊಂದರೆ ಸರ್ವರಿನದು ಅಲ್ವಾ? ನಿಮ್ಮ ಪ್ಯಾನೆಲ್‌ನಲ್ಲೇ ಕ್ಯಾಶ್ ಅವಧಿ 86400 ಸೆಕೆಂಡ್ ಎಂದಿದೆ. ಇಡೀ ಒಂದು ದಿನ! ಅಲ್ಲಿಯವರೆಗೆ ಅದು ಡೇಟಾಬೇಸ್ ಕಡೆ ತಿರುಗಿಯೂ ನೋಡುವುದಿಲ್ಲ.

ಆಮೇಲೆ ಬಂದ ಸಲಹೆ, ಪ್ರತಿ ಸಲ 'ಪರ್ಜ್ ಆಲ್' ಒತ್ತಿ ಎಂದು. ಒಂದು ಕಾಗುಣಿತ ತಿದ್ದಿದ್ದಕ್ಕೆ ಇಡೀ ಸೈಟಿನ ಕ್ಯಾಶ್ ಖಾಲಿ ಮಾಡುವುದು ನೆಗಡಿ ಬಂತೆಂದು ಮೂಗು ಕೊಯ್ದ ಹಾಗಾಯಿತು. ಖಾಲಿ ಆದ ಕೂಡಲೇ ಎಲ್ಲ ಕ್ವೆರಿಗಳೂ ಒಟ್ಟಿಗೆ ಡೇಟಾಬೇಸ್ ಮೇಲೆ ಬೀಳುತ್ತವೆ. ಸೈಟ್ ತೆವಳುತ್ತದೆ. ವೇಗಕ್ಕೆಂದೇ ಅಲ್ವಾ ನಾವು ಜಾಸ್ತಿ ದುಡ್ಡು ಕೊಟ್ಟು ಇದನ್ನು ತೆಗೆದುಕೊಂಡಿದ್ದು?

ಇದೇನೂ ಆಗದ ಕೆಲಸವಲ್ಲ. 2022ರಲ್ಲಿ ಬಂದ ವರ್ಡ್‌ಪ್ರೆಸ್ 6.1 ತಾನೇ ಪೋಸ್ಟ್ ಕ್ವೆರಿಗಳನ್ನು ಕ್ಯಾಶ್ ಮಾಡುತ್ತದೆ. ಕೊನೆಯ ಬದಲಾವಣೆಯ ಸಮಯವನ್ನು ಕ್ಯಾಶ್ ಕೀಯಲ್ಲೇ, ಅಂದರೆ ಎತ್ತಿಟ್ಟ ಉತ್ತರವನ್ನು ಹುಡುಕುವ ಹೆಸರಿನಲ್ಲೇ, ಸೇರಿಸುತ್ತದೆ. ಪೋಸ್ಟ್ ಬದಲಾದರೆ ಕೀ ಬದಲಾಯಿತು, ಹಳೆಯ ಉತ್ತರ ಬಿಟ್ಟುಹೋಯಿತು. ಡೇಟಾಬೇಸ್ ತಂತ್ರಾಂಶವಾದ ಮೈಎಸ್‌ಕ್ಯೂಎಲ್‌ನ 8.0 ಆವೃತ್ತಿಯಲ್ಲಿ ತೆಗೆದುಹಾಕಿದ ಹಳೆಯ ಕ್ವೆರಿ ಕ್ಯಾಶ್ ಕೂಡ, ಟೇಬಲ್ ಬದಲಾದರೆ ಅದಕ್ಕೆ ಸೇರಿದ ಫಲಿತಾಂಶಗಳನ್ನೆಲ್ಲ ಬಿಸಾಡುತ್ತಿತ್ತು. ನಿಮ್ಮದು ಅಷ್ಟನ್ನೂ ಮಾಡುತ್ತಿಲ್ಲ.

ಪೋಸ್ಟ್ ಸೇವ್ ಆದಾಗ, ಅಳಿಸಿದಾಗ, ವಿಭಾಗ ಬದಲಾದಾಗ ಅದಕ್ಕೆ ಸಂಬಂಧಿಸಿದ ಕ್ವೆರಿಗಳು ಮಾತ್ರ ತಾವಾಗಿಯೇ ಹೊಸದಾಗಬೇಕು. ನಿಗದಿತ ಸಮಯಕ್ಕೆ ಪ್ರಕಟವಾಗುವ ಲೇಖನಗಳನ್ನು ಮರೆಯಬೇಡಿ, ಅಲ್ಲಿ ಬಟನ್ ಒತ್ತಲು ಯಾರೂ ಕೂತಿರುವುದಿಲ್ಲ. ಸರಿಪಡಿಸುವವರೆಗೆ ಅವಧಿಯನ್ನು 300 ಸೆಕೆಂಡಿಗೆ ಇಳಿಸಿ. ಪ್ಯಾನೆಲ್‌ನಲ್ಲಿ ಆ ಸಂಖ್ಯೆ ಕಾಣುತ್ತದೆ, ಬದಲಿಸಲು ನಮಗೆ ಬಿಡುವುದಿಲ್ಲ.

ಯಾವಾಗ ಸರಿಯಾಗುತ್ತದೆ ಎಂದು ತಾಂತ್ರಿಕ ತಂಡದಿಂದಲೇ ಬರಹದಲ್ಲಿ ಉತ್ತರ ಬೇಕು. ಆಗುವುದಿಲ್ಲ ಎಂದಾದರೆ ಈ ಸೌಲಭ್ಯ ನಿಲ್ಲಿಸಿ, ಉಳಿದ ಅವಧಿಯ ಹಣ ವಾಪಸ್ ಕೊಡಿ.

ಇಂತಿ,
ಸೈಟ್ ನಿರ್ವಾಹಕರು