ಸಸ್ಯಮೂಲದ ಪ್ಲಾಸ್ಟಿಕ್ ಕುರಿತು ಸದಸ್ಯರ ಗಮನಕ್ಕೆ

ಆತ್ಮೀಯ ಸದಸ್ಯರೇ,

ಪ್ಲಾಸ್ಟಿಕ್ಕಿಗೆ ಬದಲಿ ವಸ್ತುಗಳ ಬಗ್ಗೆ ಗುಂಪಿನಲ್ಲಿ ಮಾಹಿತಿ ಹಂಚಿಕೊಳ್ಳುವಾಗ, ಸಸ್ಯಮೂಲದ್ದು ಎಂದ ಮಾತ್ರಕ್ಕೆ ಅದು ಮಣ್ಣಿನಲ್ಲಿ ಕರಗುತ್ತದೆ ಎಂದು ಬರೆಯಬಾರದೆಂದು ವಿನಂತಿ. ಮೆಕ್ಕೆಜೋಳದ ಪಿಷ್ಟವನ್ನು ಸಕ್ಕರೆಯಾಗಿಸಿ, ಹುದುಗಿಸಿ, ದೊರೆತ ಲ್ಯಾಕ್ಟಿಕ್ ಆಮ್ಲದಿಂದ ತಯಾರಿಸುವ ಪಿಎಲ್‌ಎ ಎಂಬ ಪ್ಲಾಸ್ಟಿಕ್ಕಿನ ಲೋಟವು ಸುಮಾರು 60 ಡಿಗ್ರಿ ಸೆಲ್ಸಿಯಸ್ ಶಾಖವೂ ತೇವವೂ ಇರುವ ಗೊಬ್ಬರ ಘಟಕದಲ್ಲಿ ಕೆಲವೇ ತಿಂಗಳಲ್ಲಿ ಕೊಳೆಯುತ್ತದೆ. ಅದೇ ಲೋಟ ಹಿತ್ತಲಿನ ಗುಂಡಿಯಲ್ಲೋ ಸಮುದ್ರದಲ್ಲೋ ವರ್ಷಗಟ್ಟಲೆ ಹಾಗೆಯೇ ಉಳಿಯಬಲ್ಲದು. ಗೊಬ್ಬರವಾಗಬಲ್ಲ ಪ್ಯಾಕಿಂಗ್ ವಸ್ತುಗಳಿಗಾಗಿ ಇರುವ ಯುರೋಪಿನ ಇಎನ್ 13432 ಮಾನದಂಡವೂ ಇಂಥ ಘಟಕಗಳನ್ನೇ ಗಮನದಲ್ಲಿಟ್ಟುಕೊಂಡಿದ್ದು, 12 ವಾರಗಳ ನಂತರ 2 ಮಿಲಿಮೀಟರ್ ಜರಡಿಯ ಮೇಲೆ ಶೇ 10ಕ್ಕಿಂತ ಹೆಚ್ಚು ಚೂರು ಉಳಿಯಬಾರದು ಎನ್ನುತ್ತದೆ.

ನನ್ನ ಮಟ್ಟಿಗೆ, ತ್ಯಾಜ್ಯದಿಂದಲೇ ಹುಟ್ಟುವ ವಸ್ತುಗಳು ಹೆಚ್ಚು ನಂಬಿಕೆಗೆ ಅರ್ಹ. ರಸ ಹಿಂಡಿದ ಕಬ್ಬಿನ ಸಿಪ್ಪೆಯನ್ನು ತಿರುಳು ಮಾಡಿ ಕಾದ ಅಚ್ಚಿನಲ್ಲಿ ಒತ್ತಿದರೆ ತಟ್ಟೆಯಾಗುತ್ತದೆ. ಆದರೆ ಎಣ್ಣೆ ಇಂಗದಿರಲೆಂದು ಪಿಎಫ್‌ಎಎಸ್ ಎಂಬ, ಸುಲಭವಾಗಿ ನಾಶವಾಗದ ರಾಸಾಯನಿಕ ಬೆರೆಸಿದ್ದರೆ (ಬೆರೆಸಿದ ಉದಾಹರಣೆಗಳು ಇವೆ) ತಟ್ಟೆ ಕೊಳೆತರೂ ಆ ರಾಸಾಯನಿಕ ಮಣ್ಣಿನಲ್ಲೇ ಉಳಿಯುತ್ತದೆ. ಬೆಳೆಯ ಕಸದ ಮೇಲೆ ಅಣಬೆಯ ಎಳೆಗಳನ್ನು ಬೆಳೆಸಿ, ಒಣಗಿಸಿ ಮಾಡುವ ಪ್ಯಾಕಿಂಗ್ ವಸ್ತು ಥರ್ಮಾಕೋಲಿನ ಜಾಗ ತುಂಬಬಲ್ಲದು. ಇನ್ನು ಮುಂದೆ ಯಾವುದೇ ವಸ್ತುವಿನ ಹೆಸರಿನೊಡನೆ, ಅದು ಎಲ್ಲಿ, ಎಷ್ಟು ಶಾಖದಲ್ಲಿ ಕೊಳೆಯುತ್ತದೆ ಎಂಬುದನ್ನೂ ತಪ್ಪದೆ ನಮೂದಿಸಬೇಕಾಗಿ ಕೋರುತ್ತೇನೆ.