ಕುಡಿತ ಬಿಡುವವರ ಸಭೆ ಎಲ್ಲಿದೆ? ಮಂಡ್ಯ ಜಿಲ್ಲಾಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳೇ,

ನಾನು ಪಾಂಡವಪುರ ತಾಲ್ಲೂಕಿನ ಒಂದು ಹಳ್ಳಿಯವಳು. ಊರಿನ ಹೆಸರು ಬರೆಯುವುದಿಲ್ಲ. ನನ್ನ ಗಂಡ ಅಲ್ಲಿಯೇ ಬಾಳಬೇಕು. ನಾನು ಕೇಳುವುದು ಇಷ್ಟು: ಕುಡಿತ ಬಿಡಬೇಕೆನ್ನುವವರು ಒಟ್ಟಿಗೆ ಕುಳಿತು ಮಾತನಾಡುವ ಸಭೆಗಳು ಈ ಜಿಲ್ಲೆಯಲ್ಲಿ ಎಲ್ಲಿ, ಯಾವ ವಾರ, ಎಷ್ಟು ಗಂಟೆಗೆ ನಡೆಯುತ್ತವೆ ಎಂದು ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲೂ ಬಸ್ ನಿಲ್ದಾಣದಲ್ಲೂ ಫಲಕ ಹಾಕಿಸಿ.

ನನ್ನ ಗಂಡ ಆಲೆಮನೆಯಲ್ಲಿ ಬೆಲ್ಲ ಕಾಯಿಸುತ್ತಾರೆ. ಪಾಕ ಇಳಿಸುವ ಹದ ಅವರಷ್ಟು ಬಲ್ಲವರು ಸುತ್ತಮುತ್ತ ಕಡಿಮೆ. ಕುಡಿತ ಆ ಕೈಯನ್ನು ನಡುಗಿಸಿತು. ಮನೆದೇವರ ಮೇಲೆ ಆಣೆ ಮಾಡಿಸಿದೆವು, ತಾಯಿತ ಕಟ್ಟಿಸಿದೆವು, ಶಿಬಿರಕ್ಕೂ ಕಳುಹಿಸಿದೆವು. ಕೊನೆಗೆ ಮೈದುನ ಅವರನ್ನು ಕೋಣೆಯಲ್ಲಿ ಕೂಡಿಹಾಕಿ ಬೀಗ ಹಾಕಿದ. ಮೂರನೆಯ ದಿನ ಗೋಡೆಯ ಮೇಲೆ ಹುಳ ಹರಿಯುತ್ತಿವೆ ಎಂದು ಕೂಗಾಡಿ, ಫಿಟ್ಸ್ ಬಂದು ಬಿದ್ದರು. ವರ್ಷಗಟ್ಟಲೆ ಕುಡಿದವರು ದಿಢೀರನೆ ನಿಲ್ಲಿಸಿದರೆ ಪ್ರಾಣವೇ ಹೋಗಬಹುದು, ವೈದ್ಯರ ಎದುರಿಗೇ ಬಿಡಿಸಬೇಕು ಎಂಬುದು ನಮಗೆ ಗೊತ್ತಾದದ್ದು ಆಸ್ಪತ್ರೆಯಲ್ಲಿ. ಹಳ್ಳಿಗಳಲ್ಲಿ ಇಂದಿಗೂ ಬೀಗ ಹಾಕುತ್ತಿದ್ದಾರೆ, ಸ್ವಾಮಿ.

ಬಿಡುಗಡೆಯ ಚೀಟಿಯಲ್ಲಿ ಮಾತ್ರೆಗಳ ಹೆಸರಿನ ಕೆಳಗೆ ವೈದ್ಯರು ಒಂದು ಸಾಲು ಬರೆದಿದ್ದರು: ‘ಎಎ ಸಭೆಗೆ ಹೋಗುವುದು’. ಎಎ ಎಂದರೆ ಆಲ್ಕೋಹಾಲಿಕ್ಸ್ ಅನಾನಿಮಸ್, ಕುಡಿತ ಬಿಡುವವರ ಕೂಟ. ಎಲ್ಲಿಗೆ ಎಂದು ಬರೆದಿರಲಿಲ್ಲ. ಕೇಳಿದೆ. ನರ್ಸ್ ಒಂದು ಬೀದಿಯ ಹೆಸರು ಹೇಳಿದರು. ಹೋದರೆ ಬಾಗಿಲಿಗೆ ಬೀಗ. ‘ಇಲ್ಲಿ ಸೇರುತ್ತಿದ್ದರು, ಕೊರೊನಾ ಬಂದ ಮೇಲೆ ಬರಲಿಲ್ಲ’ ಎಂದರು ಕಾವಲುಗಾರ.

ಆಮೇಲೆ ನಡೆದದ್ದನ್ನು ನೀವು ಓದಲೇಬೇಕು. ಸರ್ಕಾರಿ ಕಚೇರಿಯೊಂದರಲ್ಲಿ ವಿಚಾರಿಸಲು ಇಬ್ಬರೂ ಹೋದೆವು. ಅವರು ಕ್ಷೌರ ಮಾಡಿಸಿಕೊಂಡು ಮಗಳ ನಾಮಕರಣದ ಅಂಗಿ ಹಾಕಿಕೊಂಡಿದ್ದರು. ನಾನು ತಗ್ಗಿದ ದನಿಯಲ್ಲಿ ಕೇಳಿದ್ದನ್ನು ಮೇಜಿನಾಚೆಯವರು ಗಟ್ಟಿಯಾಗಿ ಇಡೀ ಕೋಣೆಗೆ ಕೇಳಿಸಿದರು. ‘ಕುಡಿಯುವವರು ಯಾರು, ಇವರೇನಾ? ಆಧಾರ್ ಕೊಡಿ, ಬರೆದುಕೊಳ್ಳಬೇಕು.’ ಮತ್ತೊಬ್ಬರು, ‘ಸಭೆ ಎಲ್ಲಿ ಅಂತ ಗೊತ್ತಿಲ್ಲ, ಬಾರ್ ಎಲ್ಲಿದೆ ಅಂತ ಬೇಕಾದರೆ ಹೇಳಬಹುದು’ ಎಂದರು. ಪಹಣಿಗಾಗಿ ಸಾಲಿನಲ್ಲಿ ನಿಂತಿದ್ದವರೆಲ್ಲ ನಕ್ಕರು. ನನ್ನ ಗಂಡ ಏನೂ ಮಾತನಾಡದೆ ಹೊರಗೆ ನಡೆದರು. ಅಂದು ರಾತ್ರಿ ಅವರು ಮತ್ತೆ ಕುಡಿದು ಬಂದರು. ನಗೆಯಾಡಿದವರಿಗೆ ಸಂಬಳ ಬರುತ್ತಿದೆ. ನನಗೆ ಆ ರಾತ್ರಿ ಇನ್ನೂ ಮುಗಿದಿಲ್ಲ.

ಆಧಾರ್ ಕೇಳಬಾರದ ಜಾಗವಿದು. ಆಲ್ಕೋಹಾಲಿಕ್ಸ್ ಅನಾನಿಮಸ್ ಎಂಬ ಆ ಕೂಟ 1935ರಲ್ಲಿ ಅಮೆರಿಕದ ಆಕ್ರನ್ ಎಂಬ ಊರಿನಲ್ಲಿ, ಕುಡಿತಕ್ಕೆ ಸಿಕ್ಕಿ ನರಳಿದ ಇಬ್ಬರು ಒಬ್ಬರಿಗೊಬ್ಬರು ಮಾತನಾಡಿಕೊಂಡದ್ದರಿಂದ ಹುಟ್ಟಿತು. ಸೇರಲು ಕುಡಿತ ಬಿಡಬೇಕೆಂಬ ಆಸೆ ಇದ್ದರೆ ಸಾಕು. ಶುಲ್ಕವಿಲ್ಲ. ಪೂರ್ತಿ ಹೆಸರು ಹೇಳಬೇಕಾಗಿಲ್ಲ. ಹೊರಗಿನವರ ದೇಣಿಗೆಯನ್ನೂ ಅವರು ಮುಟ್ಟುವುದಿಲ್ಲ. ಕೋಣೆಯ ಬಾಡಿಗೆ, ಚಹಾದ ಖರ್ಚು ಎಲ್ಲವನ್ನೂ ಬಂದವರೇ ಹಾಕಿಕೊಳ್ಳುತ್ತಾರೆ. ಹಾಗಾಗಿ ನಿಮ್ಮ ಬೊಕ್ಕಸಕ್ಕೆ ಅದು ಭಾರವಲ್ಲ. ಮನೆಯವರಿಗೂ ಅಲ್-ಅನಾನ್ ಎಂಬ ಬೇರೆಯೇ ಕೂಟವಿದೆಯಂತೆ. ನನ್ನಂಥವರಿಗೆ ಅದನ್ನು ಹೇಳಿದವರು ಯಾರು?

ಆದರೆ ಗೋಡೆಗಳನ್ನು ನೋಡಿ. ‘ಅವರಿಗೆ ತಿಳಿಯದಂತೆ ಕುಡಿತ ಬಿಡಿಸಲಾಗುವುದು’ ಎಂಬ ಬರಹ ಮೊಬೈಲ್ ಸಂಖ್ಯೆಯ ಸಮೇತ ಕಣ್ಣಿಗೆ ಹೊಡೆಯುತ್ತದೆ. ಸಾರಿನಲ್ಲಿ ಬೆರೆಸಲು ಯಾವುದೋ ಪುಡಿ ಕೊಟ್ಟು ಸಾವಿರಗಟ್ಟಲೆ ಕೀಳುತ್ತಾರೆ; ಅದರಲ್ಲಿ ಏನಿದೆಯೋ ತಿಂದವನಿಗೂ ಗೊತ್ತಿಲ್ಲ, ಬಡಿಸಿದವಳಿಗೂ ಗೊತ್ತಿಲ್ಲ. ಮೋಸದ ವಿಳಾಸ ಊರಿಗೆಲ್ಲ ಗೊತ್ತು. ಕಾಸಿಲ್ಲದೆ ಸಿಗುವ ಸಹಾಯದ ವಿಳಾಸ ಮಾತ್ರ ಯಾರಿಗೂ ಗೊತ್ತಿಲ್ಲ. 2007ರಲ್ಲಿ ಸಾರಾಯಿ ನಿಷೇಧವಾದಾಗ ನಮ್ಮತ್ತೆ ದೇವರಿಗೆ ಕಾಯಿ ಒಡೆಸಿದರು. ಪ್ಯಾಕೆಟ್ ಹೋಗಿ ಬಾಟಲಿ ಬಂತು, ಅಷ್ಟೇ. ಅದರ ತೆರಿಗೆ ಸರ್ಕಾರಕ್ಕೆ ತಪ್ಪದೆ ಸೇರುತ್ತಿದೆ. ಅಮಲು ಪಾನೀಯಗಳನ್ನು ತಡೆಯಲು ಸರ್ಕಾರ ಪ್ರಯತ್ನಿಸಬೇಕು ಎನ್ನುವ ಸಂವಿಧಾನದ 47ನೇ ವಿಧಿಯನ್ನು ನಿಮಗೆ ನಾನು ತಿಳಿಸಬೇಕಾಗಿಲ್ಲ.

ಆದ್ದರಿಂದ ಮತ್ತೆ ಕೇಳುತ್ತೇನೆ, ಫಲಕ ಹಾಕಿಸಿ. ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ. ಜಾಗ ಬದಲಾದರೆ ಫಲಕವೂ ಬದಲಾಗಲಿ. ಮಾನಸಿಕ ಆರೋಗ್ಯಕ್ಕಿರುವ ಟೆಲಿ-ಮನಸ್‌ನ 14416, ವ್ಯಸನಮುಕ್ತಿಗಿರುವ 14446 ಸಂಖ್ಯೆಗಳನ್ನೂ ಅದರಲ್ಲಿಯೇ ಬರೆಸಿ. ಸಭೆಯೇ ಇಲ್ಲದ ತಾಲ್ಲೂಕಿನಲ್ಲಿ, ಆ ಕೂಟದವರು ಬಂದು ಕೇಳಿದರೆ, ಸಂಜೆ ಖಾಲಿ ಬಿದ್ದಿರುವ ಒಂದು ಶಾಲಾ ಕೋಣೆಯನ್ನು ಕೊಡಿಸಿ. ಹಳ್ಳಿಯವರು ಕೊನೆಯ ಬಸ್ಸಿಗೆ ಮನೆ ಸೇರುವಂತೆ ಸಮಯ ಗೊತ್ತುಮಾಡಿಕೊಳ್ಳಲು ಹೇಳಿ. ಯಾವ ಕಚೇರಿಯಲ್ಲೂ ಇದನ್ನು ಕೇಳಿ ಬಂದವರ ಹೆಸರು ಬರೆದುಕೊಳ್ಳಬಾರದೆಂದು ಸುತ್ತೋಲೆ ಹೊರಡಿಸಿ.

ನನ್ನ ಗಂಡ ಈಗಲೂ, ‘ಜಾಗ ಗೊತ್ತಾದರೆ ಹೇಳು, ಬರುತ್ತೇನೆ’ ಎನ್ನುತ್ತಾರೆ. ಅವರ ಮನಸ್ಸು ಬದಲಾಗುವ ಮೊದಲು ಜಾಗ ತಿಳಿಸಿ.

ಇಂತಿ,
ಪಾಂಡವಪುರ ತಾಲ್ಲೂಕಿನ ಒಬ್ಬ ಗೃಹಿಣಿ